ಜೀಪಿನ ಹಿರೀಕರು

ನಮ್ಮ ಭಾವನವರಿಗೆ ರಸ್ತೆ ಕಂಡರೆ ಆಗುತ್ತಿರಲಿಲ್ಲ.

ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ಬೀಗರು ಆಗುವುದಿಲ್ಲ, ಅದನ್ನೆಲ್ಲ ನಾವು ಒಪ್ಪಿಕೊಂಡು ನಡೆಯುತ್ತೇವೆ. ಆದರೆ ರಸ್ತೆ ಆಗದವರನ್ನು ನೀವು ಕಂಡಿದ್ದೀರಾ? ಅದೂ ಎಂಥಾ ರಸ್ತೆ! ಎರಡೂ ಕಡೆ ಸಾಲುಮರ, ನಡುವೆ ನುಣ್ಣಗೆ ಮಲಗಿದ ಹುಣಸೂರು ರಸ್ತೆ. ಜಯಲಕ್ಷ್ಮಿಪುರದ ನಮ್ಮ ಮನೆಯಿಂದ ಇಲವಾಲಕ್ಕೆ ಹೋಗಬೇಕೆಂದರೆ ಅದನ್ನು ಹಿಡಿದು ಸುಮ್ಮನೆ ಹೋದರಾಯಿತು. ಭಾವನವರು ಆ ರಸ್ತೆಯನ್ನು ಅಡ್ಡ ದಾಟುತ್ತಿದ್ದರು, ಅಷ್ಟೇ. ದಾಟಿ, ಆಚೆಯ ಹಳ್ಳಕ್ಕಿಳಿದು, ಬೀಳು ಹೊಲ ಹತ್ತಿ, ಕೆರೆ ಏರಿಯ ಮೇಲೆ ಸಾಗಿ, ಕಳ್ಳಿ ಬೇಲಿಯ ಸಂದಿಯಲ್ಲಿ ನುಗ್ಗಿ, ಕೊನೆಗೆ ಇಲವಾಲವನ್ನು ಅದರ ಹಿತ್ತಲ ಕಡೆಯಿಂದ ಪ್ರವೇಶಿಸುತ್ತಿದ್ದರು. ಊರಿನವರು ಮುಂಬಾಗಿಲಲ್ಲಿ ನೆಂಟರಿಗಾಗಿ ಕಾಯುತ್ತಿದ್ದರೆ ಇವರು ತಿಪ್ಪೆಯ ಮೇಲಿಂದ ಇಳಿದು ಬರುತ್ತಿದ್ದರು.

ಕಾರಣ ಅವರ ಜೀಪು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವಾದ ಸಾಮಾನನ್ನೆಲ್ಲ ಹರಾಜು ಹಾಕಿದರಲ್ಲ, ಆಗ ಜನ ಕಂಬಳಿ ತಂದರು, ಬೂಟು ತಂದರು, ಡೇರೆ ಬಟ್ಟೆ ತಂದು ಮಕ್ಕಳಿಗೆ ಚಡ್ಡಿ ಹೊಲಿಸಿದರು. ಭಾವನವರು ಕಂಬಳಿ ತರುತ್ತೇನೆಂದು ಬೆಂಗಳೂರಿಗೆ ಹೋಗಿ ಜೀಪು ತಂದರು. ಆ ಚಳಿಗಾಲ ನಾವು ಹಳೇ ಕಂಬಳಿಯಲ್ಲೇ ಕಳೆದೆವು. ಅದು ಇನ್ನೂ ಹರಿದಿರಲಿಲ್ಲ ಅನ್ನುವುದೇ ದೇವರ ದಯೆ.

ಭಾವನವರದು ಹಿಟ್ಟಿನ ಮಿಲ್ಲು. ಮದುವೆ ಮಾಡಿಕೊಂಡಿರಲಿಲ್ಲ, ಮಿಲ್ಲಿನ ಇಂಜಿನ್ನಿನ ಜೊತೆಗೇ ಮಾತುಕತೆ, ಅದರ ಜೊತೆಗೇ ಮುನಿಸು. ಹುಬ್ಬು ಮೀಸೆಗಳಲ್ಲಿ ಸದಾ ರಾಗಿ ಹಿಟ್ಟು ಕೂತಿರುತ್ತಿದ್ದರಿಂದ ಅವರಿಗೆ ವಯಸ್ಸಾದದ್ದು ನಮಗೆ ಬಹಳ ದಿನ ಗೊತ್ತೇ ಆಗಲಿಲ್ಲ. ಜೀಪಿನಲ್ಲಿ ಗೇರಿನ ಪಕ್ಕಕ್ಕೆ ಒಂದು ಸಣ್ಣ ಹಿಡಿ ಇತ್ತು. ಅದನ್ನು ಎಳೆದರೆ ಹಿಂದಿನ ಚಕ್ರಗಳ ಜೊತೆಗೆ ಮುಂದಿನವೂ ಸೇರಿಕೊಂಡು ಗಾಡಿಯನ್ನು ಎಳೆಯುತ್ತಿದ್ದವಂತೆ.

"ನಾಲ್ಕೂ ಮೈಬಗ್ಗಿಸಿ ದುಡೀತವೆ ಕಣಮ್ಮ," ಎಂದು ನನಗೆ ವಿವರಿಸುತ್ತಾ, ಆಫೀಸಿನಿಂದ ಬಂದು ಆರಾಮಕುರ್ಚಿಯಲ್ಲಿ ಒರಗಿದ್ದ ತಮ್ಮನ, ಅಂದರೆ ನಮ್ಮ ಯಜಮಾನರ, ಕಡೆ ನೋಡುತ್ತಿದ್ದರು. "ನಮ್ಮನೇಲಿ ಅಷ್ಟು ಜನ ದುಡಿಯಲ್ಲ. ಇಂಥಾದ್ದನ್ನ ತಗೊಂಡೋಗಿ ಟಾರು ರಸ್ತೆ ಮೇಲೆ ಓಡ್ಸಿದ್ರೆ ಮುಂದಿನ ಎರಡು ಚಕ್ರಕ್ಕೆ ಅವಮಾನ ಅಲ್ವಾ?"

ಚಕ್ರಗಳ ಮಾನ ಕಾಯಲು ನನ್ನ ಸೊಂಟ ಎಷ್ಟು ಸಲ ಉಳುಕಿದೆಯೋ ಆ ತಾಯಿ ಚಾಮುಂಡಿಗೇ ಗೊತ್ತು.

ಹುಚ್ಚಿಗೆ ಜೀಪು ತಂದರು ಎಂದು ಬೀದಿಯವರು ಹೇಳುತ್ತಿದ್ದರು. ಅದು ಸುಳ್ಳು. ಜೀಪು ತಂದದ್ದು ನಮ್ಮತ್ತೆಗಾಗಿ. ಹುಚ್ಚು ಆಮೇಲೆ ಬಂತು. ಅತ್ತೆಗೆ ಒಬ್ಬಳೇ ತಂಗಿ, ನಮ್ಮ ಚಿಕ್ಕತ್ತೆ. ಅವರನ್ನು ಇಲವಾಲದಿಂದ ಒಳಗೆ, ಹಳ್ಳದ ಆಚೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಆ ಊರಿಗೆ ರಸ್ತೆಯಿರಲಿಲ್ಲ, ಗಾಡಿ ಜಾಡು ಮಾತ್ರ. ವರ್ಷಕ್ಕೊಂದು ಸಲ ಅತ್ತೆ ಎತ್ತಿನ ಗಾಡಿಯಲ್ಲಿ ಹೋಗಿ, ತಂಗಿಯ ಜೊತೆ ಜಗಳವಾಡಿ, ಸಮಾಧಾನವಾಗಿ ವಾಪಸು ಬರುತ್ತಿದ್ದರು. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅದು ನಿಂತಿತು. ಎತ್ತಿನ ಗಾಡಿಯಲ್ಲಿ ಕಾಲು ಮಡಚಿ ಕೂರಬೇಕು. ಅತ್ತೆಗೆ ಕಾಲು ಮಡಚಲು ಆಗದು. ಕಾಲು ಇಳಿಬಿಟ್ಟು ಕೂರುವಂಥ, ಆದರೂ ಹಳ್ಳ ದಾಟುವಂಥ ವಾಹನ ಈ ಭೂಮಿಯ ಮೇಲೆ ಯಾವುದಿದೆ? ಭಾವನವರು ಬಹಳ ಯೋಚಿಸಿಯೇ ತಂದಿದ್ದರು.

ಜೀಪು ಮನೆಗೆ ಬಂದಾಗ ಅತ್ತೆ ಕೋಲೂರಿಕೊಂಡು ಬಾಗಿಲಿಗೆ ಬಂದರು. ನಾನು ಆರತಿ ತಟ್ಟೆ ಹಿಡಿದು ಹಿಂದೆ ನಿಂತಿದ್ದೆ.

"ಎಲ್ಲಿಂದ ಬಂತ್ಲಾ ಇದು?"

"ದಂಡಿಂದ ಕಣವ್ವ. ಬರ್ಮಾ ಕಾಡಲ್ಲೆಲ್ಲ ಓಡಾಡಿದ್ದಂತೆ."

"ಅಲ್ಲಿ ಏನ್ ಮಾಡ್ತಿತ್ತು?"

ಭಾವನವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಸಿಪಾಯಿಗಳ್ನ ಕರ್ಕೊಂಡೋಗ್ತಿತ್ತು. ಗಾಯ ಆದೋರ್ನ ಹೊತ್ಕೊಂಡು ಬರ್ತಿತ್ತು."

"ಬರೋ ದಾರೀಲಿ ಯಾರೂ ಸಾಯ್ಲಿಲ್ವಾ?"

"ಅದು ನಂಗೆಂಗವ್ವ ಗೊತ್ತಾಯ್ತದೆ?" ಎಂದರು. ಆದರೆ ಅವರ ಕಣ್ಣು ತಾನಾಗಿ ಹಿಂದಿನ ಸೀಟಿನ ಕಡೆ ಹೋಯಿತು. ಅಲ್ಲೊಂದು ಕಂದು ಕಲೆ ಇತ್ತು. ಗ್ರೀಸು ಎಂದು ಭಾವನವರು, ಗ್ರೀಸಲ್ಲ ಎಂದು ಅತ್ತೆ.

"ಹೆಣ ಹೊತ್ತ ಗಾಡಿ. ನಾನು ಅತ್ತಾಕಿಲ್ಲ ಬುಡು," ಎಂದು ಅತ್ತೆ ಒಳಗೆ ನಡೆದರು. ಹಚ್ಚಿದ ಆರತಿಯನ್ನು ಏನು ಮಾಡುವುದು? ಅಂಗಳದ ತುಳಸಿಗೆ ಬೆಳಗಿದೆ. ವ್ಯರ್ಥವಾಗಲಿಲ್ಲ.

ಹೀಗೆ, ಅತ್ತೆಗಾಗಿ ಬಂದ ಜೀಪಿನಲ್ಲಿ ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರೂ ಕುಲುಕಾಡಿದೆವು. ಅವ್ವ ಇವತ್ತಲ್ಲ ನಾಳೆ ಹತ್ತೇ ಹತ್ತುತ್ತಾರೆ, ಅಷ್ಟರಲ್ಲಿ ತಮ್ಮ ಕೈ ಪಳಗಲಿ ಎಂದು ಭಾವನವರು ಕಂಡ ಕಂಡ ಗುಂಡಿಗೆ ಇಳಿಸಿದರು, ಕಂಡ ಕಂಡ ದಿಬ್ಬ ಹತ್ತಿಸಿದರು.

ಒಂದು ದಸರೆಯಲ್ಲಿ ನಮ್ಮನ್ನು ಬನ್ನಿಮಂಟಪದ ಪಂಜಿನ ಕವಾಯತಿಗೆ ಕರೆದುಕೊಂಡು ಹೋದರು. ಮೈಸೂರಿಗೆ ಮೈಸೂರೇ ರಸ್ತೆಯಲ್ಲಿ ಹೋಗುತ್ತಿದೆ, ನಾವು ಮಾತ್ರ ಊರನ್ನು ಸುತ್ತುಹಾಕಿ ಜೋಳದ ಹೊಲದಲ್ಲಿ ಹೋಗುತ್ತಿದ್ದೇವೆ. "ಜನಜಂಗುಳಿ ಇಲ್ಲ ನೋಡಮ್ಮ," ಎಂದರು ಭಾವನವರು. ಜನ ಹೇಗಿದ್ದಾರು, ಜೋಳದ ಹೊಲದಲ್ಲಿ? ಒಂದು ಬದು ಹತ್ತಿ, ಆಚೆ ಇಳಿದು, ಧೂಳು ತಗ್ಗಿದ ಮೇಲೆ ಕಣ್ಣು ಬಿಟ್ಟರೆ ಎಡಕ್ಕೂ ಕುದುರೆ, ಬಲಕ್ಕೂ ಕುದುರೆ! ಮೈದಾನಕ್ಕೆ ಇಳಿಯಲು ಸಾಲುಗಟ್ಟಿ ಕಾಯುತ್ತಿದ್ದ ಸವಾರರ ನಡುವೆ ನಮ್ಮ ಜೀಪು ನಿಂತಿತ್ತು. ಮಿಲಿಟರಿ ಬಣ್ಣವನ್ನು ಭಾವನವರು ಅಳಿಸಿರಲಿಲ್ಲ, ಬಾನೆಟ್ಟಿನ ಮೇಲಿನ ಬಿಳಿ ನಕ್ಷತ್ರವೂ ಹಾಗೆಯೇ ಇತ್ತು. ಅಲ್ಲಿದ್ದ ಪೊಲೀಸಿನವನು ದಢಾರನೆ ಕಾಲು ಅಪ್ಪಳಿಸಿ ಸಲ್ಯೂಟು ಹೊಡೆದ. ಭಾವನವರು ಸ್ಟೀರಿಂಗು ಬಿಡುವಂತಿರಲಿಲ್ಲ. ನಮ್ಮ ಯಜಮಾನರು ಚಿತ್ರಾನ್ನದ ಕ್ಯಾರಿಯರು ಹಿಡಿದಿದ್ದರು. ಸರ್ಕಾರಿ ಮರ್ಯಾದೆಗೆ ಯಾರಾದರೂ ಉತ್ತರ ಕೊಡಬೇಕಲ್ಲ ಎಂದು ನಾನೇ ಕೈಮುಗಿದೆ. ಆತ ನಮ್ಮನ್ನು ಗೌರವದಿಂದ ಮುಂದಿನ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದ. ಜನ್ಮದಲ್ಲಿ ಒಂದು ಸಲ ಕವಾಯತನ್ನು ಯಾರ ತಲೆಯೂ ಅಡ್ಡವಿಲ್ಲದೆ ನೋಡಿದೆ.

ಮನೆಗೆ ಬಂದು ಹೇಳಿದರೆ ಅತ್ತೆ, "ನಿಂಗಲ್ಲ ಕಣವ್ವ ಅವ್ನು ಸಲಾಮ್ ಹೊಡ್ದಿದ್ದು. ಹಿಂದ್ಗಡೆ ಕುಂತಿದ್ದನಲ್ಲ, ಅವನ್ಗೆ," ಎಂದರು. ಹಿಂದೆ ಕೂತಿದ್ದವಳು ನಾನೊಬ್ಬಳೇ. ಆಮೇಲೆ ಬಹಳ ದಿನ ಜೀಪು ಹತ್ತುವಾಗ ಜಪ ಮಾಡಿಕೊಂಡೇ ಹತ್ತುತ್ತಿದ್ದೆ.

ಹೀಗೇ ನಡೆಯುತ್ತಿದ್ದಾಗ ಒಂದು ಭಾದ್ರಪದದಲ್ಲಿ, ಸಂತೆಗೆ ಬಂದಿದ್ದ ಚಿಕ್ಕತ್ತೆಯ ಊರಿನವರೊಬ್ಬರು ಮನೆಗೆ ಬಂದು ಸುದ್ದಿ ಹೇಳಿದರು. ಚಿಕ್ಕತ್ತೆಯ ಎರಡೂ ಕಣ್ಣಿಗೆ ಪೊರೆ ಕವಿದಿದೆ. ಆಸ್ಪತ್ರೆ ಎಂದರೆ ಒಲ್ಲೆ ಎನ್ನುತ್ತಾರೆ. ಹಗಲು ಹೊತ್ತು ಒಂದಿಷ್ಟು ಕಾಣುತ್ತದೆ, ಮಬ್ಬಾದರೆ ಇಲ್ಲ. "ಕಣ್ಣಿರೋವಾಗ್ಲೇ ಬಂದು ಒಂದ್ಸಲ ಮುಖ ತೋರ್ಸೋಗು ಅಂತ ನಮ್ಮಕ್ಕಂಗೆ ಹೇಳಿ" ಎಂದಿದ್ದರಂತೆ.

ಅತ್ತೆ, ಬಂದವರಿಗೆ ಮಜ್ಜಿಗೆ ಕೊಡು ಎಂದರು, ಅಷ್ಟೇ. ಆದರೆ ಆವತ್ತು ರಾತ್ರಿ ಊಟಕ್ಕೆ ಏಳಲಿಲ್ಲ.

ಭಾವನವರು ಮರುದಿನವೇ ಜೀಪಿನ ಶುದ್ಧಿಗೆ ನಿಂತರು. ಮೊದಲು ಜೋಯಿಸರು ಬಂದರು. ಜೀಪನ್ನು ಒಂದು ಸುತ್ತು ಬಂದು ತಲೆ ಕೆರೆದುಕೊಂಡರು.

"ಮನೆಗೆ ಶಾಂತಿ ಇದೆ, ಬಾವಿಗೆ ಇದೆ, ಕೊಟ್ಟಿಗೆಗೆ ಇದೆ. ಮೋಟಾರಿನ ವಿಷಯ ನಮ್ಮ ಹಿಂದಿನವರು ಏನೂ ಹೇಳಿಹೋಗಿಲ್ಲ."

"ರಥಕ್ಕೆ ಹೇಳಿರ್ಬೇಕಲ್ಲ ಸ್ವಾಮಿ?"

"ರಥಕ್ಕಿದೆ. ಆದರೆ ರಥ ಅಂದಮೇಲೆ ಕುದುರೆ ಬೇಡವೇ?"

"ಇದ್ರೊಳಗೆ ಅರವತ್ತು ಕುದುರೆ ಶಕ್ತಿ ಐತೆ," ಎಂದು ಭಾವನವರು ಬಾನೆಟ್ಟು ಎತ್ತಿ ತೋರಿಸಿದರು. ಜೋಯಿಸರು ಬಗ್ಗಿ ನೋಡಿದರು. ಒಂದೂ ಕಾಣಿಸದಿದ್ದರೂ ಇರಬಹುದೆಂದು ನಂಬಿ, ಮಂತ್ರ ಹೇಳುತ್ತಾ ಮಾವಿನೆಲೆಯಿಂದ ಪುಣ್ಯಾಹದ ನೀರನ್ನು ಧಾರಾಳವಾಗಿ ಇಂಜಿನ್ನಿನ ಮೇಲೆಯೇ ಪ್ರೋಕ್ಷಿಸಿದರು. ನೀರು ಎಲ್ಲಿಗೆ ಹೋಗಬಾರದೋ ಅಲ್ಲಿಗೆ ಹೋಯಿತು. ಜೀಪು ಸಂಜೆಯವರೆಗೆ ಸ್ಟಾರ್ಟ್ ಆಗಲಿಲ್ಲ.

"ನೋಡ್ದಾ? ಒಳ್ಗಿರೋನು ಒಪ್ಕಂಡಿಲ್ಲ," ಎಂದರು ಅತ್ತೆ.

ಆಮೇಲೆ ಹಸುವಿನ ಸರದಿ. ಹೊಸ ಮನೆಗೆ ಮೊದಲು ಹಸುವನ್ನು ಹೊಗಿಸುವುದಿಲ್ಲವೇ? ಜೀಪಿಗೂ ಹಾಗೇ ಮಾಡಿದರೆ ಆಯಿತು ಎಂದು ಭಾವನವರು ತೀರ್ಮಾನಿಸಿದರು. ಹಸುವಿದ್ದದ್ದು ಪಕ್ಕದ ಮನೆಯ ಮರಿಯಮ್ಮನವರಲ್ಲಿ. ಅವರು ಚರ್ಚಿನವರು, ಬೆಳಗಿನ ಪೂಜೆ ಒಂದು ದಿನವೂ ತಪ್ಪಿಸದ ಹೆಂಗಸು. ನನಗೂ ಅವರಿಗೂ ಕಾಂಪೌಂಡಿನ ಮೇಲಿಂದ ಸಾರು, ಪಲ್ಯ, ಕಷ್ಟ, ಸುಖ ಎಲ್ಲದರ ವಿನಿಮಯವಿತ್ತು. "ನನ್ನ ಹಸುವಿನಿಂದ ನಿಮ್ಮ ಶಾಸ್ತ್ರ ಆಗ್ತದಾ?" ಎಂದು ಅವರು ಕೇಳಿದ್ದಕ್ಕೆ ಅತ್ತೆ, "ಹಸಾ ಯಾವ ಗುಡಿಗೋದ್ರೂ ಹಸಾನೇ ಕಣಮ್ಮ," ಎಂದರು.

ಹಲಗೆ ಇಟ್ಟು ಹತ್ತಿಸಿದ್ದಾಯಿತು. ಹಸು ಹತ್ತಿತು. ಇಳಿಯಲಿಲ್ಲ. ಎತ್ತರದಿಂದ ಬೀದಿ ಚೆನ್ನಾಗಿ ಕಂಡಿತೋ ಏನೋ, ಹಿಂದಿನ ಸೀಟಿನ ಮೆತ್ತೆಯನ್ನು ಕಿತ್ತು ಅದರ ತೆಂಗಿನ ನಾರನ್ನು ಮೆಲ್ಲುತ್ತಾ ನಿಂತುಬಿಟ್ಟಿತು. ಗಾಡಿ ಅಲುಗಿದರೆ ಇಳಿದೀತು ಎಂದು ಭಾವನವರು ಹೊರಟರು. ಜಯಲಕ್ಷ್ಮಿಪುರದ ಪ್ರೊಫೆಸರುಗಳೆಲ್ಲ ಗೇಟಿಗೆ ಬಂದು ನಿಂತು ನೋಡಿದರು. ಹಿಂದೆ ಮರಿಯಮ್ಮನವರು ಹುಲ್ಲಿನ ಕಟ್ಟು ಹಿಡಿದು, "ನಿಲ್ಸಿ ಸ್ವಾಮಿ, ಕರೆಯೋ ಹೊತ್ತು!" ಎಂದು ಓಡುತ್ತಿದ್ದರು. ಆ ಸಂಜೆ ಹಾಲು ಕಡಿಮೆಯಾಗಲಿಲ್ಲ, ಅದು ನಮ್ಮ ಪುಣ್ಯ.

ಅತ್ತೆ ಇದನ್ನೆಲ್ಲ ಬಾಗಿಲಲ್ಲಿ ಕೂತು ನೋಡಿ, ಭಾವನವರು ಬೆವರು ಒರೆಸಿಕೊಳ್ಳುವವರೆಗೆ ಕಾದು ಹೇಳಿದರು:

"ಲೋ ಮಗ, ನೀನು ತೊಳ್ದೆ, ನೀರಾಕ್ಸ್ದೆ, ಹಸಾ ಅತ್ತುಸ್ದೆ. ಗಾಡಿ ಸುದ್ದ ಆಯ್ತು, ಒಪ್ಕಂಡೆ. ಸತ್ತೋನು ಎಲ್ಲೋದ? ಅವನು ಅಲ್ಲೇ ಕುಂತವ್ನೆ. ಯಾರೋ ಹೆತ್ತ ಮಗ, ಗೊತ್ತಿಲ್ದಿರೋ ದೇಸದಲ್ಲಿ, ಒಂದ್ ತುತ್ತು ಅನ್ನ ಇಕ್ಕೋರಿಲ್ದೆ ಕುಂತವ್ನೆ. ಅವನ್ನ ಎಬ್ಬಿಸ್ಬುಟ್ಟು ಆ ಸೀಟಲ್ಲಿ ನಾನೆಂಗ್ಲಾ ಕೂರ್ಲಿ?"

ಭಾವನವರು ಜೀಪಿನ ಮೆಟ್ಟಿಲ ಮೇಲೆ ಕೂತರು. ಇಷ್ಟು ವರ್ಷ ನಾವು ಮೈಲಿಗೆ ಎಂದುಕೊಂಡದ್ದು ಮೈಲಿಗೆಯಾಗಿರಲಿಲ್ಲ.

ಮಹಾಲಯ ಅಮಾವಾಸ್ಯೆ ಹತ್ತಿರವಿತ್ತು. ನಮ್ಮ ಒಕ್ಕಲು ಮನೆಗಳಲ್ಲಿ ಆವತ್ತು ಹಿರೀಕರಿಗೆ ಎಡೆ ಇಡುತ್ತೇವೆ. ತೀರಿಹೋದವರಿಗೆ ಏನೇನು ಇಷ್ಟವಿತ್ತೋ ಅದನ್ನೇ ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ಧೂಪ ಹಾಕಿ, ಹೆಸರು ಹಿಡಿದು ಕರೆಯುತ್ತೇವೆ. ನಮ್ಮ ಮಾವನವರಿಗೆ ನಾಟಿ ಕೋಳಿ ಸಾರು, ಒಂದು ಕಟ್ಟು ಬೀಡಿ. ಭಾವನವರು ಆ ವಾರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಈ ಸಲ ಜೀಪಿನ ಹಿರೀಕರಿಗೂ ಒಂದೆಡೆ ಇಡ್ಬೇಕಮ್ಮ. ಏನ್ ಅಡುಗೆ ಮಾಡ್ತೀಯ?" ಎಂದರು.

ಏನು ಮಾಡಲಿ ಹೇಳಿ! ಗೋತ್ರ ಗೊತ್ತಿಲ್ಲ, ದೇಶ ಗೊತ್ತಿಲ್ಲ, ಖಾರ ತಿನ್ನುತ್ತಾರೋ ಇಲ್ಲವೋ ಗೊತ್ತಿಲ್ಲ. ಕಾಂಪೌಂಡಿನ ಹತ್ತಿರ ಹೋಗಿ ಮರಿಯಮ್ಮನವರನ್ನು ಕೇಳಿದೆ. ಅವರ ಯಜಮಾನರು ಯುದ್ಧಕಾಲದಲ್ಲಿ ದಂಡಿನ ಅಡುಗೆಮನೆಯಲ್ಲಿದ್ದವರು. "ಇಂಗ್ಲಿಷಿನೋರಾದ್ರೆ ಬ್ರೆಡ್ಡು, ಬೆಣ್ಣೆ, ಬೇಯ್ಸಿದ ಮೊಟ್ಟೆ, ಹಾಲು ಹಾಕಿದ ಟೀ," ಎಂದರು ಮರಿಯಮ್ಮ. "ಸಿಗರೇಟು ಮರೀಬೇಡಿ, ಅದಿಲ್ದೆ ಅವರಿಗೆ ಊಟ ಮುಗಿಯಲ್ವಂತೆ. ನಾನೂ ಚರ್ಚಲ್ಲಿ ಅವರ ಹೆಸರಲ್ಲಿ ಒಂದು ಮೇಣದ ಬತ್ತಿ ಹಚ್ತೀನಿ."

"ಪಂಜಾಬಿನವನಾಗಿದ್ರೆ?" ಎಂದರು ಭಾವನವರು. ಅದಕ್ಕೆ ಚಪಾತಿ, ಬೇಳೆ. "ನಮ್ಮ ಕಡೆಯವನೇ ಆಗಿದ್ರೆ?" ಅದಕ್ಕೆ ಮುದ್ದೆ, ಸಾರು.

ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಜಪಾನಿನವನಾಗಿದ್ರೆ?" ಎಂದರು. ತಮಾಷೆಗೆ ಕೇಳಿದ್ದು.

ಭಾವನವರು ತಮಾಷೆ ಎಂದುಕೊಳ್ಳಲಿಲ್ಲ. "ವೈರಿ ಗಾಡೀಲಿ ಅವನ್ಯಾಕೆ ಸಾಯ್ತಾನೆ?" ಎಂದು ಯೋಚಿಸಿದರು. "ಹಿಡ್ಕೊಂಡು ಬರ್ತಿರ್ಬೇಕು. ಗಾಯ ಆಗಿರ್ತದೆ. ಪಾಪ. ಅನ್ನಾನೂ ಮಾಡ್ಬುಡಮ್ಮ."

ಅಮಾವಾಸ್ಯೆಯ ದಿನ ಒಳಗೆ ನಮ್ಮ ಮಾವನವರ ಎಡೆ ಮುಗಿಸಿ, ಹೊರಗೆ ಜೀಪಿನ ಬಾನೆಟ್ಟಿನ ಮೇಲೆ ಸಾಲಾಗಿ ಎಲೆ ಹಾಕಿ ಬಡಿಸಿದೆವು. ಹೊಸ ಪಂಚೆ ಉಟ್ಟ ಭಾವನವರು ಧೂಪ ಹಾಕಿ, ಕೈಮುಗಿದು, ಕರೆಯಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಹೆಸರು? ಏನೆಂದು ಕರೆಯುವುದು? ಸುತ್ತ ನೋಡಿದರು. ನಮಗೇನು ಗೊತ್ತು? ಆಮೇಲೆ ಬ್ರೆಡ್ಡಿನ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಾನೆಟ್ಟಿನ ಮೇಲೆ ಮಿಲಿಟರಿಯವರು ಬರೆದಿದ್ದ ಬಿಳಿ ನಂಬರನ್ನು ಬಗ್ಗಿ ಓದಿಕೊಂಡು, ಗಟ್ಟಿಯಾಗಿ ಆ ನಂಬರನ್ನೇ ಕರೆದು, "ಬಂದು ಊಟ ಮಾಡಪ್ಪಾ" ಎಂದರು.

"ಥೂ ನಿನ್ನ! ನಂಬರಾಕಿ ಕೂಗ್ತೀಯಲ್ಲ, ಜೈಲೇನ್ಲಾ ಇದು?"

ಅತ್ತೆ ಕೋಲೂರಿಕೊಂಡು ಬಂದರು. ಜೀಪಿನ ಹತ್ತಿರ ಅವರು ಬಂದದ್ದು ಅದೇ ಮೊದಲು. ಸೆರಗು ತಲೆಯ ಮೇಲೆ ಎಳೆದುಕೊಂಡು, ಹಿಂದಿನ ಸೀಟಿನ ಕಡೆಗೆ ಮುಖ ಮಾಡಿ ಕರೆದರು: "ಬನ್ರಪ್ಪ. ಯಾರ್ ಮಕ್ಳೋ ಏನೋ, ನಿಮ್ಮವ್ವನೇ ಕೂಗ್ತಾವ್ಳೆ ಅನ್ಕಂಡು ಬನ್ನಿ. ನಾಚ್ಕೋಬ್ಯಾಡಿ, ಉಣ್ಣಿ."

ನಮ್ಮ ಬೀದಿಯಲ್ಲಿ ಕಾಗೆಗಳಿಗೆ ಬರವಿಲ್ಲ. ಮೊದಲು ಬಂದದ್ದು ಬ್ರೆಡ್ಡು ಎತ್ತಿಕೊಂಡು ಹೋಯಿತು. "ಇಂಗ್ಲಿಷಿನವನು," ಎಂದರು ನಮ್ಮ ಯಜಮಾನರು. ಮುಂದಿನದು ಮುದ್ದೆ ಕುಕ್ಕಿತು. ಇನ್ನೊಂದು ಎಲ್ಲ ಎಲೆಗಳನ್ನೂ ಸುತ್ತಿ ನೋಡಿ, ಸಪ್ಪೆ ಅನ್ನಕ್ಕೆ ಬಾಯಿ ಹಾಕಿತು. ನಮ್ಮ ಯಜಮಾನರು ಕೈಮುಗಿದರು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ತಾವೇ ಗಂಟು ಕಟ್ಟಿಕೊಂಡು ಹೊರಗೆ ಬಂದರು. ಭಾವನವರು ಅವರನ್ನು ಮಗುವಿನಂತೆ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಅತ್ತೆ ಹಿಂದಕ್ಕೆ ತಿರುಗಿ, ಖಾಲಿ ಸೀಟನ್ನು ನೋಡಿ, "ನಮ್ ಸೊಸೆ ಬತ್ತಾವ್ಳೆ, ವಸಿ ಸರ್ಕೊಳ್ರಪ್ಪ," ಎಂದರು. ಅವರು ಸರಿದುಕೊಂಡರೆಂದು ಕಾಣುತ್ತದೆ. ಆವತ್ತು ನಾನು ಜಪ ಮಾಡದೆ ಹತ್ತಿದೆ.

ಇಲವಾಲ ಕಳೆದು ಜಾಡಿಗೆ ಇಳಿದೆವು. ಜಾಡು ಎಂದರೆ ಮಳೆಗಾಲ ಮುಗಿದ ಮೇಲೆ ಉಳಿದ ಎರಡು ಚರಂಡಿಗಳು. ಹಿಂದೆ ನಾನು ಗಂಟು, ಬುಟ್ಟಿ, ಹಿರೀಕರ ಸಮೇತ ಹಾರಿ ಹಾರಿ ಬೀಳುತ್ತಿದ್ದೆ. ಮುಂದೆ ಅತ್ತೆ ಕಂಬಳಿ ಹಾಸಿನ ಮೇಲೆ ಕಾಲು ಇಳಿಬಿಟ್ಟು, "ವಸಿ ಜೋರಾಗೋಗ್ಲಾ, ಹೊತ್ತು ಮುಳ್ಗ್ತದೆ," ಎನ್ನುತ್ತಿದ್ದರು. ಹಳ್ಳದ ಹತ್ತಿರ ಬಂದರೆ ಮೇಲೆಲ್ಲೋ ಮಳೆಯಾಗಿ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಕಾಯದೆ ವಿಧಿಯಿಲ್ಲ. ಭಾವನವರು ದಡದಲ್ಲಿ ಕೂತು ನೀರು ನೋಡಿದರು, ಅತ್ತೆ ಸೂರ್ಯನನ್ನು ನೋಡಿದರು. ನೀರು ಇಳಿಯುವುದಕ್ಕಿಂತ ಬೇಗ ಸೂರ್ಯ ಇಳಿಯುತ್ತಿದ್ದ. ಮಬ್ಬಾದರೆ ಚಿಕ್ಕತ್ತೆಗೆ ಕಣ್ಣು ಕಾಣದು.

ಕೊನೆಗೆ ಭಾವನವರು ಪಂಚೆ ಎತ್ತಿಕಟ್ಟಿ ನೀರಿಗಿಳಿದು ಆಳ ನೋಡಿ ಬಂದು, ಆ ಸಣ್ಣ ಹಿಡಿಯನ್ನು ಎಳೆದರು. ನೀರು ಪಾದದ ಹತ್ತಿರಕ್ಕೆ ಬಂತು. ಜೀಪು ನಡುವೆ ಒಮ್ಮೆ ಓಲಾಡಿ, ಗುರುಗುಟ್ಟಿ, ಕಲ್ಲು ಸಿಕ್ಕಿದ ಕೂಡಲೇ ಎಮ್ಮೆಯಂತೆ ಮೈಕೊಡವಿಕೊಂಡು ಆಚೆ ದಡ ಹತ್ತಿತು. ನಾನು ಕಣ್ಣು ಬಿಟ್ಟು ನಂಜುಂಡೇಶ್ವರನಿಗೆ ಕೈಮುಗಿದೆ. ಆದರೆ ಊರು ಸೇರುವ ಹೊತ್ತಿಗೆ ಸೂರ್ಯ ಹೋಗಿಯಾಗಿತ್ತು.

ಚಿಕ್ಕತ್ತೆ ಜಗುಲಿಯ ಮೇಲೆ ಕೂತಿದ್ದರು. ಜೀಪಿನ ಸದ್ದಿಗೆ ಎದ್ದು ನಿಂತು ಕೈ ಚಾಚಿದರು. ಅತ್ತೆ ಅಂಗಳದಲ್ಲಿ ನಿಂತರು. ಮನೆಯವರು ಬುಡ್ಡಿ ದೀಪ ತಂದು ಎತ್ತಿ ಹಿಡಿದರು. ಚಿಕ್ಕತ್ತೆ ಕಣ್ಣು ಕಿರಿದು ಮಾಡಿ ಆ ಕಡೆ, ಈ ಕಡೆ ನೋಡಿದರು.

"ಕಾಣಾಕಿಲ್ಲ ಕಣಕ್ಕ. ವಸಿ ಬೇಗ ಬರ್ಬಾರ್ದಾಗಿತ್ತಾ? ಬೆಳಗಾಗ್ಲಿ ಬುಡು."

"ಬೆಳಗ್ಗೆ ನೋಡೀವಂತೆ, ಎಲ್ಲೋಗ್ತೀನಿ," ಎಂದರು ಅತ್ತೆ.

ಭಾವನವರು ಜೀಪು ಹತ್ತಿದರು. ಹಿಂದಕ್ಕೆ ತೆಗೆದು, ಜಗುಲಿಯ ಪಕ್ಕಕ್ಕೆ ತಂದು, ತಂಗಿಯ ಬೆನ್ನ ಕಡೆಯಿಂದ ಅಕ್ಕನ ಮುಖಕ್ಕೆ ನೇರವಾಗಿ ನಿಲ್ಲಿಸಿ ದೊಡ್ಡ ದೀಪಗಳನ್ನು ಹಾಕಿದರು. ಬೆಳಕು ಥಟ್ಟನೆ ಅತ್ತೆಯ ಮೇಲೆ ಬಿತ್ತು. ನೆರಿಗೆ ನೆರಿಗೆಯೂ, ಮೂಗುತಿಯ ಒಂಟಿ ಕಲ್ಲೂ, ಹಣೆಗೆ ಹತ್ತಿದ್ದ ಹಳ್ಳದ ಕೆಸರೂ ಕಂಡವು. ಅತ್ತೆ ಕಣ್ಣು ಮುಚ್ಚಿಕೊಳ್ಳಲಿಲ್ಲ.

"ಅಯ್ಯೋ! ಎಷ್ಟು ಮುದುಕಿ ಆಗ್ಬುಟ್ಟೆ ಕಣಕ್ಕ!"

"ನೀನೇನು ಹಸೆಮಣೆ ಮೇಲೆ ಕುಂತಿದ್ದೀಯಾ?"

ಇಂಜಿನ್ನಿನ ಸದ್ದಿಗೆ ಅವರ ಮಾತು ಅವರಿಗೇ ಕೇಳಿಸುತ್ತಿರಲಿಲ್ಲ. ಭಾವನವರು ಇಂಜಿನ್ನು ಆರಿಸಿದರು. ಇಂಜಿನ್ನು ಆರಿಸಿ ದೀಪ ಉರಿಸಿದರೆ ಬ್ಯಾಟರಿ ಇಳಿದುಹೋಗುತ್ತದೆ, ಆಮೇಲೆ ಆ ಜೀಪನ್ನು ಎಬ್ಬಿಸಲು ಅರ್ಧ ಊರು ನೂಕಬೇಕು. ಅದು ನನಗೇ ಗೊತ್ತಿತ್ತು ಎಂದಮೇಲೆ ಅವರಿಗೆ ಗೊತ್ತಿರಲಿಲ್ಲವೇ? ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಅಲುಗಾಡದೆ ಕೂತಿದ್ದರು.

ಅಕ್ಕತಂಗಿಯರು ಬಹಳ ಹೊತ್ತು ಜಗಳವಾಡಿದರು. ದೀಪ ಬೆಳ್ಳಗಿದ್ದದ್ದು ಹಳದಿಯಾಯಿತು, ಹಳದಿಯಿದ್ದದ್ದು ಕೆಂಪಾಯಿತು. ಯಾರೂ ಆರಿಸು ಎನ್ನಲಿಲ್ಲ. ತಾನಾಗಿ ಆರಿತು.

ಕತ್ತಲಲ್ಲಿ ಚಿಕ್ಕತ್ತೆಯ ದನಿ ಬಂತು:

"ಸಾಕು ಬುಡು ಮಗ. ನೋಡ್ಕಂಡೆ."